ಒಂದೇ ಆಜ್ಞೆಗೆ ಟರ್ಮಿನಲ್ ಸಜ್ಜು

ಬಸವಕಲ್ಯಾಣದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೋಡಿಂಗ್ ಕಲಿಯುವವರಿರಲಿ, ಹುಮನಾಬಾದಿನ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ದುಡಿಯುವವರಿರಲಿ, ಕೆಲಸದ ಆರಂಭ ಒಂದೇ ತೆರನಾದದ್ದು: ಟರ್ಮಿನಲ್ ತೆರೆಯಬೇಕು, ಫೋಲ್ಡರಿಗೆ ಹೋಗಬೇಕು, ಎಡಿಟರ್ ತೆಗೆಯಬೇಕು, ಸರ್ವರ್ ಚಾಲೂ ಮಾಡಬೇಕು.

ಕರೆಂಟು ಹೋಗಿ ಕಂಪ್ಯೂಟರ್ ಆರಿದರೆ ಇಷ್ಟೂ ಮತ್ತೆ ಮೊದಲಿನಿಂದ.

ಈ ತಾಪತ್ರಯಕ್ಕೆ ಶೆಲ್ ಸ್ಕ್ರಿಪ್ಟ್ ಒಳ್ಳೆಯ ಪರಿಹಾರ. ದಿನವೂ ಟೈಪ್ ಮಾಡುವ ಆಜ್ಞೆಗಳನ್ನೇ ಒಂದು ಫೈಲಿನಲ್ಲಿ ಸಾಲಾಗಿ ಬರೆದಿಟ್ಟರೆ ಸ್ಕ್ರಿಪ್ಟ್ ಆಯಿತು. ಅದನ್ನು ಓದಿ ನಡೆಸುವ ಬ್ಯಾಶ್ ಶೆಲ್ಲನ್ನು ಬ್ರಯಾನ್ ಫಾಕ್ಸ್ ಬರೆದದ್ದು 1989ರಲ್ಲಿ. ಇದಕ್ಕೆ ಜೊತೆಯಾಗುವ, ಒಂದೇ ಟರ್ಮಿನಲ್ಲನ್ನು ಹಲವು ಪಾಲು ಮಾಡುವ ಟಿಮಕ್ಸ್ ತಂತ್ರಾಂಶ ಶುರುವಾದದ್ದು 2007ರಲ್ಲಿ, ನಿಕೋಲಸ್ ಮ್ಯಾರಿಯಟ್ ಅವರಿಂದ.

ಎರಡೂ ಸೇರಿದರೆ ಹತ್ತಿಪ್ಪತ್ತು ಸಾಲು ಸಾಕು. ಸ್ಕ್ರಿಪ್ಟ್ ಮೊದಲು 'ಹ್ಯಾಸ್-ಸೆಷನ್' ಆಜ್ಞೆಯಿಂದ ಹಳೆಯ ಸೆಷನ್, ಅಂದರೆ ಟಿಮಕ್ಸ್ ತೆರೆದಿಟ್ಟ ಕೆಲಸ, ಇದೆಯೇ ಎಂದು ನೋಡುತ್ತದೆ. ಇದ್ದರೆ ನೇರ ಅಲ್ಲಿಗೇ ಒಯ್ಯುತ್ತದೆ. ಇಲ್ಲದಿದ್ದರೆ 'ನ್ಯೂ-ಸೆಷನ್' ಹೊಸದನ್ನು ತೆರೆಯುತ್ತದೆ, 'ಸ್ಪ್ಲಿಟ್-ವಿಂಡೋ' ಪರದೆಯನ್ನು ಸೀಳುತ್ತದೆ, 'ಸೆಂಡ್-ಕೀಸ್' ಒಂದೊಂದು ಪಾಲಿಗೂ ಅದರದರ ಆಜ್ಞೆ ಕಳಿಸುತ್ತದೆ. ಮೊದಲ ಪರೀಕ್ಷೆಯನ್ನು ಬಿಡಲೇಬಾರದು. ಅದಿಲ್ಲದಿದ್ದರೆ ಎರಡನೇ ಸಲ ಓಡಿಸಿದಾಗ ಅದೇ ಹೆಸರಿನ ಸೆಷನ್ ಇದೆಯೆಂದು ಟಿಮಕ್ಸ್ ತಕರಾರು ತೆಗೆಯುತ್ತದೆ.

ದೂರದ ಸರ್ವರಿನಲ್ಲಿ ಟಿಮಕ್ಸ್ ಇದ್ದರೆ ಇನ್ನೂ ಅನುಕೂಲ. ಹುಮನಾಬಾದಿನಲ್ಲಿ ನೆಟ್‌ವರ್ಕ್ ಕಡಿದರೂ ಸರ್ವರಿನ ಕೆಲಸ ನಿಲ್ಲುವುದಿಲ್ಲ. ಸಂಪರ್ಕ ಬಂದ ಮೇಲೆ ಅದೇ ಸ್ಕ್ರಿಪ್ಟ್ ಓಡಿಸಿ ಮುಂದುವರಿಸಬಹುದು.