ಒಡೆದದ್ದು ಒಂದು, ಉಳಿದದ್ದು 798

2023ರ ಫೆಬ್ರವರಿ 16ರ ಸಂಜೆ ಅಮೆರಿಕದ ಮಯಾಮಿ ನಗರದ ‘ಆರ್ಟ್ ವಿನ್‌ವುಡ್’ ಕಲಾಮೇಳದಲ್ಲಿ ನೀಲಿ ಬಣ್ಣದ ಪಿಂಗಾಣಿ ನಾಯಿಯೊಂದು ಪೀಠದಿಂದ ಉರುಳಿ ನುಚ್ಚುನೂರಾಯಿತು. ಸಂದರ್ಶಕಿಯೊಬ್ಬರು ಅದನ್ನು ಬೆರಳಿನಿಂದ ತಟ್ಟಿದರೆಂದು ಕೆಲವರು ಹೇಳಿದರು. ಅವರ ಕಾಲು ಪೀಠಕ್ಕೆ ತಗುಲಿತೆಂದು ಮಳಿಗೆಯವರು ಹೇಳಿದರು. ಒಡೆದ ನಾಯಿಯ ಬೆಲೆ 42,000 ಡಾಲರ್. ಅಂದಿನ ದರದಲ್ಲಿ ಸುಮಾರು 34 ಲಕ್ಷ ರೂಪಾಯಿ!

ಅದನ್ನು ರೂಪಿಸಿದವರು 1955ರಲ್ಲಿ ಜನಿಸಿದ ಅಮೆರಿಕದ ಕಲಾವಿದ ಜೆಫ್ ಕೂನ್ಸ್. ಜಾತ್ರೆಯಲ್ಲಿ ಉದ್ದನೆಯ ಬಲೂನನ್ನು ತಿರುಚಿ ಮಕ್ಕಳಿಗೆ ಮಾಡಿಕೊಡುವ ನಾಯಿಯ ಆಕೃತಿಯನ್ನೇ ಅವರು ಶಿಲ್ಪವಾಗಿಸಿದರು. ಉಕ್ಕಿನಲ್ಲಿ ಮಾಡಿದ ಕಿತ್ತಳೆ ಬಣ್ಣದ ಬೃಹತ್ ನಾಯಿ 2013ರ ಹರಾಜಿನಲ್ಲಿ 5.84 ಕೋಟಿ ಡಾಲರಿಗೆ ಮಾರಾಟವಾಯಿತು. ಮಯಾಮಿಯಲ್ಲಿ ಒಡೆದದ್ದು ಅದರ ಕಿರಿಯ ಪಿಂಗಾಣಿ ರೂಪ; ಎತ್ತರ ಸುಮಾರು 40 ಸೆಂಟಿಮೀಟರ್. ಫ್ರಾನ್ಸಿನ ಲಿಮೋಜ್ ಊರಿನಲ್ಲಿ 1863ರಿಂದ ನಡೆದುಬಂದಿರುವ ಬೆರ್ನಾರ್ಡೋ ಸಂಸ್ಥೆಯು ಇದನ್ನು ಎರಕಗೊಳಿಸಿತ್ತು. ಒಟ್ಟು ಪ್ರತಿಗಳು 799. ಆ ಸಂಜೆಯ ನಂತರ ಲೋಕದಲ್ಲಿ ಉಳಿದವು 798. ಉಳಿದವುಗಳ ಮೌಲ್ಯ ಹೆಚ್ಚಿತೆಂದು ಮಳಿಗೆಯವರೇ ನಗೆಯಾಡಿದರಂತೆ.

ಪಿಂಗಾಣಿ ನಮಗೆ ಹೊಸತಲ್ಲ

ಧರೂರಿನ ಮಕ್ಕಳಿಗೆ ಇದು ಸಮುದ್ರದಾಚೆಯ ಸುದ್ದಿ. ಆದರೆ ಪಿಂಗಾಣಿ ಮಾತ್ರ ಕಣ್ಣೆದುರಿನದೇ. ಜುರಾಲಾ ಅಣೆಕಟ್ಟೆಯ ಬಳಿ ಕೃಷ್ಣೆಯ ನೀರು ವಿದ್ಯುತ್ತಾಗುತ್ತದೆ. ಆ ವಿದ್ಯುತ್ತು ಮನೆಮನೆಗೆ ತಲುಪುವ ದಾರಿಯಲ್ಲಿ, ತಂತಿಗೂ ಕಂಬಕ್ಕೂ ನಡುವೆ ಕುಳಿತಿರುವ ಕಂದು ಅಥವಾ ಬಿಳಿ ಬಟ್ಟಲುಗಳಲ್ಲಿ ಅನೇಕವು ಪಿಂಗಾಣಿಯವು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ತಲೆಯೆತ್ತಿದ ಸರ್ಕಾರಿ ಪಿಂಗಾಣಿ ಕಾರ್ಖಾನೆಯು ಇಂಥ ಬಟ್ಟಲುಗಳನ್ನು ತಯಾರಿಸುತ್ತಿತ್ತು. ಮುಂದೆ ಅದು ಬಿಎಚ್‌ಇಎಲ್‌ನ ಭಾಗವಾಯಿತು.

ಕಯೋಲಿನ್ ಎಂಬ ಬಿಳಿ ಜೇಡಿ, ಫೆಲ್ಡ್‌ಸ್ಪಾರ್, ಬೆಣಚುಕಲ್ಲಿನ ಪುಡಿ ಇವೇ ಪಿಂಗಾಣಿಯ ಮೂಲದ್ರವ್ಯಗಳು. ನಮ್ಮ ಕುಂಬಾರರ ಆವಿಗೆಯ ಶಾಖ ಸಾಮಾನ್ಯವಾಗಿ 1,000 ಡಿಗ್ರಿ ಸೆಲ್ಸಿಯಸ್ ದಾಟದು. ಪಿಂಗಾಣಿಗೆ 1,300 ಡಿಗ್ರಿಗೂ ಮಿಕ್ಕ ಶಾಖ ಬೇಕು. ಆ ಬೇಗೆಯಲ್ಲಿ ಫೆಲ್ಡ್‌ಸ್ಪಾರ್ ಕರಗಿ ಗಾಜಿನಂತಾಗಿ ಮಣ್ಣಿನ ಕಣಗಳ ನಡುವಿನ ಸಂದುಗಳನ್ನು ತುಂಬುತ್ತದೆ. ಆದ್ದರಿಂದಲೇ ಮಣ್ಣಿನ ಹರವಿ ನೀರನ್ನು ಜಿನುಗಿಸಿ ತಂಪಾಗಿಡುತ್ತದೆ, ಪಿಂಗಾಣಿ ಹನಿಯನ್ನೂ ಹೀರದು. ಈ ಗುಟ್ಟನ್ನು ಚೀನೀಯರು ಶತಮಾನಗಳ ಮೊದಲೇ ಅರಿತಿದ್ದರು. ಯುರೋಪಿನಲ್ಲಿ ಜರ್ಮನಿಯ ಮೈಸೆನ್ ಕಾರ್ಖಾನೆ ತೆರೆದದ್ದು 1710ರಲ್ಲಿ.

ಎಣಿಕೆಗೆ ಬೆಲೆ

ಅಚ್ಚಿನಲ್ಲಿ ಎರೆದ ವಸ್ತುವಿಗೆ ಇಷ್ಟೊಂದು ಬೆಲೆ ಏಕೆ? ನಮ್ಮ ಗಣೇಶನ ಮೂರ್ತಿಗಳೂ ಅಚ್ಚಿನಿಂದ ಬರುತ್ತವಲ್ಲ? ವ್ಯತ್ಯಾಸವಿರುವುದು ಒಂದು ನಿರ್ಧಾರದಲ್ಲಿ. ಇಷ್ಟೇ ಪ್ರತಿಗಳು, ಮುಂದೆ ಒಂದೂ ಇಲ್ಲ ಎಂದು ಕಲಾವಿದ ಮೊದಲೇ ಮಾತು ಕೊಡುತ್ತಾನೆ. ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಬೀಳುತ್ತದೆ. ಕೊಳ್ಳುವವನು ಮಣ್ಣಿನೊಡನೆ ಆ ಮಾತನ್ನೂ, ಆ ಹೆಸರನ್ನೂ ಕೊಳ್ಳುತ್ತಾನೆ.

ಇಲ್ಲಿಯೇ ಯೋಚಿಸಬೇಕಾದ ಸಂಗತಿಯಿದೆ. ಈ ನಾಯಿಯ ಮಣ್ಣನ್ನು ಎರೆದದ್ದು, ಬೇಯಿಸಿದ್ದು, ಹೊಳಪು ಕೊಟ್ಟದ್ದು ಕಾರ್ಖಾನೆಯ ಕೈಗಳು. 2010ರಲ್ಲಿ ಚೀನಾದ ಐ ವೇವೇ ಎಂಬ ಕಲಾವಿದ ಲಂಡನ್ನಿನ ಟೇಟ್ ಮಾಡರ್ನ್ ಸಂಗ್ರಹಾಲಯದಲ್ಲಿ ಸುಮಾರು 10 ಕೋಟಿ ಪಿಂಗಾಣಿ ಸೂರ್ಯಕಾಂತಿ ಬೀಜಗಳನ್ನು ಹರಡಿದರು. ಜಿಂಗ್‌ಡೆಜೆನ್ ಊರಿನ ಸುಮಾರು 1,600 ಮಂದಿ ಕುಶಲಕರ್ಮಿಗಳು ಅವುಗಳಿಗೆ ಕೈಯಿಂದಲೇ ಬಣ್ಣ ಬರೆದಿದ್ದರು. ನೋಡಬಂದವರ ನಾಲಿಗೆಯ ಮೇಲೆ ಉಳಿದದ್ದು ಒಂದೇ ಹೆಸರು.

ನಮ್ಮ ಊರುಗಳ ಕುಂಬಾರನೋ ಮಣ್ಣು ತರುವುದರಿಂದ ಆವಿಗೆ ಇಳಿಸುವವರೆಗೆ ಎಲ್ಲವನ್ನೂ ತಾನೇ ಮಾಡುತ್ತಾನೆ. ತಿಗರಿಯ ಮೇಲೆ ಎದ್ದ ಒಂದು ಗಡಿಗೆಯಂತೆ ಇನ್ನೊಂದು ಇರದು. ಎಣಿಕೆಯ ಲೆಕ್ಕ ಹಿಡಿದರೆ ಪ್ರತಿ ಗಡಿಗೆಯೂ ಒಂದರಲ್ಲಿ ಒಂದು. ಆದರೂ ಬೇಸಿಗೆಯ ಸಂತೆಯಲ್ಲಿ ನಾವು ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಮಾಡಿದವನ ಹೆಸರನ್ನು ಕೇಳುವುದಿಲ್ಲ.

ಕನ್ನಡವು ಹೀಗೆ ಮರೆತ ಭಾಷೆಯಲ್ಲ. ಕವಿ ಹರಿಹರನು ಕುಂಬಾರ ಗುಂಡಯ್ಯನ ಮೇಲೆ ಒಂದು ರಗಳೆಯನ್ನೇ ರಚಿಸಿದನು. ಗುಂಡಯ್ಯನು ಗಡಿಗೆಯನ್ನು ತಟ್ಟುವ ಸದ್ದಿಗೆ ಶಿವನೇ ಕುಣಿದನೆಂಬುದು ಅಲ್ಲಿಯ ಕಥೆ. ಮಡಕೆ ಪಕ್ವವಾಗಿದೆಯೋ ಬಿರುಕು ಬಿಟ್ಟಿದೆಯೋ ಎಂದು ತಿಳಿಯಲು ಇಂದಿಗೂ ಕೊಳ್ಳುವವರು ಬೆರಳಿನಿಂದ ತಟ್ಟುತ್ತಾರೆ. ಮಯಾಮಿಯ ಮಾತು ನಿಜವಾಗಿದ್ದರೆ, ಆ ಮಹಿಳೆಯೂ ಅದನ್ನೇ ಮಾಡಿದ್ದರು!

42,000 ಡಾಲರನ್ನು ನಮ್ಮ ಸಂತೆಗೆ ತರಲಾರೆವು, ಹೆಸರನ್ನು ತರಬಲ್ಲೆವು. ಈ ಬಾರಿ ಹರವಿ ಕೊಳ್ಳಲು ಹೋದಾಗ ಮಗುವನ್ನು ಜೊತೆಗೆ ಕರೆದೊಯ್ಯಿರಿ. ಅದು ಗಡಿಗೆಯನ್ನು ತಟ್ಟಿ ನಾದ ಕೇಳಲಿ, ಮಾಡಿದವರ ಹೆಸರನ್ನು ವಿಚಾರಿಸಲಿ, ಮನೆಗೆ ಬಂದು ಆ ಹೆಸರನ್ನು ತನ್ನ ಪುಸ್ತಕದಲ್ಲಿ ಕನ್ನಡದಲ್ಲಿ ಬರೆಯಲಿ. ಹರವಿ ಒಂದು ದಿನ ಒಡೆದೀತು. ಬರೆದ ಹೆಸರು ಪುಸ್ತಕದಲ್ಲಿ ಉಳಿದೀತು.