ಸ್ಕಾಟ್ ಕೆಲ್ಲಿ ಡಿಎನ್‌ಎ ನಿಜವಾಗಿ ಬದಲಾಯಿತೇ?

2018ರ ಮಾರ್ಚ್‌ನಲ್ಲಿ ಜಗತ್ತಿನ ಹಲವು ಮಾಧ್ಯಮಗಳಲ್ಲಿ ಒಂದು ಸುದ್ದಿ ಓಡಿತು. ಗಗನಯಾತ್ರಿ ಸ್ಕಾಟ್ ಕೆಲ್ಲಿ 340 ದಿನ ಬಾಹ್ಯಾಕಾಶದಲ್ಲಿದ್ದು ಬಂದರು, ಅವರ ಡಿಎನ್‌ಎ ಶೇಕಡಾ 7ರಷ್ಟು ಬದಲಾಗಿದೆ, ಅವಳಿ ಅಣ್ಣ ಮಾರ್ಕ್‌ಗೂ ಅವರಿಗೂ ಇನ್ನು ಹೋಲಿಕೆಯೇ ಇಲ್ಲ! ಬ್ರೇಕಿಂಗ್ ಪಟ್ಟಿಗೆ ಹೇಳಿ ಮಾಡಿಸಿದ ಸುದ್ದಿ. ಆದರೆ ಸ್ವಲ್ಪ ತಾಳಿ. ನಮಗೂ ಚಿಂಪಾಂಜಿಗೂ ಡಿಎನ್‌ಎ ಅಕ್ಷರಗಳಲ್ಲಿ ಇರೋ ವ್ಯತ್ಯಾಸವೇ ಶೇಕಡಾ ಒಂದೆರಡು. ಏಳು ಬದಲಾಗಿದ್ದರೆ ಇಳಿದು ಬಂದವರು ಸ್ಕಾಟ್ ಆಗಿರುತ್ತಲೇ ಇರಲಿಲ್ಲ.

ಬದಲಾಗಿದ್ದು ಜೀನ್‌ಗಳ ಚಟುವಟಿಕೆ. ಮನೆಯ ವೈರಿಂಗ್ ಅದೇ, ಯಾವ ಸ್ವಿಚ್ ಆನ್, ಯಾವುದು ಆಫ್ ಅನ್ನೋದು ಬದಲಾಯಿತು, ಅಷ್ಟೇ. ಅದರಲ್ಲೂ ಬಹುಪಾಲು ಆರು ತಿಂಗಳಲ್ಲಿ ಮೊದಲಿನಂತಾಯಿತು. ಆ 7 ಅಂದರೆ ಇನ್ನೂ ವಾಪಸಾಗದೆ ಉಳಿದ ಸ್ವಿಚ್‌ಗಳ ಲೆಕ್ಕ.

ಹಾಗಾದರೆ ಏನೂ ಆಗಲ್ವಾ? ಆಗುತ್ತೆ. ನಮ್ಮ ಮೂಳೆ ಕಾಂಕ್ರೀಟ್ ಕಂಬ ಅಲ್ಲ. ಹಳೆಯದನ್ನು ಕೆಡವುವ ಕೋಶಗಳು, ಹೊಸದನ್ನು ಕಟ್ಟುವ ಕೋಶಗಳು ಅಲ್ಲಿ ಸದಾ ಕೆಲಸದಲ್ಲಿರುತ್ತವೆ. ಭಾರ ಬಿದ್ದರೆ ಮಾತ್ರ ಕಟ್ಟುವವರಿಗೆ ಉತ್ಸಾಹ. ತೂಕವೇ ಇಲ್ಲದ ಕಡೆ ಕೆಡವುವವರದ್ದೇ ಮೇಲುಗೈ. ಸೊಂಟ, ತೊಡೆಯ ಮೂಳೆ ತಿಂಗಳಿಗೆ ಶೇಕಡಾ ಒಂದರಷ್ಟು ಸವೆಯುತ್ತದೆ. ರಕ್ತದ ಕಥೆ ಕೇಳಿ: ಭೂಮಿಯ ಮೇಲೆ ನಮ್ಮ ದೇಹದಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣ ನಾಶವಾಗುತ್ತವೆ, ಅಲ್ಲಿ 30 ಲಕ್ಷ. ಸ್ನಾಯು ಕರಗೋದು ಯಾಕೆ ಅಂತ ತಿಳಿಯಲು ನಮ್ಮ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆ ರೂಪಿಸಿದ ಪ್ರಯೋಗವನ್ನೇ ಶುಭಾಂಶು ಶುಕ್ಲಾ 2025ರಲ್ಲಿ ಬಾಹ್ಯಾಕಾಶ ನಿಲ್ದಾಣದಲ್ಲಿ ಮಾಡಿದ್ದು.

ಇದಕ್ಕೆಲ್ಲ ವ್ಯಾಯಾಮ, ಔಷಧ, ಒಂದಿಷ್ಟು ಮದ್ದಿದೆ. ನನಗೆ ಹೆದರಿಕೆ ಹುಟ್ಟಿಸೋದು ವಿಕಿರಣ. ಅದು ಸ್ವಿಚ್ ಮುಟ್ಟಲ್ಲ, ವೈರನ್ನೇ ಕತ್ತರಿಸುತ್ತದೆ. ಕೋಶ ತುಂಡಾದ ಡಿಎನ್‌ಎಯನ್ನು ಜೋಡಿಸುತ್ತದೆ, ನಿಜ. ಆದರೆ ಅವಸರದಲ್ಲಿ ಕೆಲವೊಮ್ಮೆ ತುಂಡನ್ನು ತಿರುವುಮುರುವಾಗಿ ಸಿಕ್ಕಿಸಿಬಿಡುತ್ತದೆ. ಸ್ಕಾಟ್ ರಕ್ತದಲ್ಲಿ ಇಂಥ ತಲೆಕೆಳಗಾದ ಜೋಡಣೆಗಳು ಹೆಚ್ಚಿದ್ದವು. ಭೂಮಿಗೆ ಬಂದ ಮೇಲೂ ಉಳಿದಿದ್ದವು. ಕ್ಯಾನ್ಸರ್ ಆತಂಕ ಇರೋದು ಇಲ್ಲೇ.

ಮತ್ತೊಂದು ವಿಚಿತ್ರ ನೋಡಿ. ಶೂ ಲೇಸ್ ತುದಿಯ ಪ್ಲಾಸ್ಟಿಕ್ ಇದ್ಯಲ್ಲ, ಹಾಗೆ ಕ್ರೋಮೋಸೋಮ್‌ಗಳ ತುದಿಗೆ ಟೆಲೋಮಿಯರ್ ಇರುತ್ತೆ. ವಯಸ್ಸಾದಂತೆ ಅದು ಗಿಡ್ಡವಾಗುತ್ತದೆ. ಬಾಹ್ಯಾಕಾಶದಲ್ಲಿ ಇನ್ನಷ್ಟು ಗಿಡ್ಡವಾಗಬಹುದು ಅಂತ ವಿಜ್ಞಾನಿಗಳು ಅಂದುಕೊಂಡಿದ್ದರೆ, ಸ್ಕಾಟ್‌ಗೆ ಉದ್ದವಾಗಿತ್ತು! ಯೌವನದ ಗುಟ್ಟು ಸಿಕ್ಕಿತು ಅನ್ನಬೇಡಿ. ಇಳಿದ ಎರಡೇ ದಿನದಲ್ಲಿ ಸರ್ರನೆ ಕುಗ್ಗಿತು.

ನಿಲ್ದಾಣ ಇರೋದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ಕಾಂತಕ್ಷೇತ್ರದ ರಕ್ಷಣೆಯೊಳಗೆ. ಅಲ್ಲೇ ಹೀಗೆ. ಮಂಗಳಕ್ಕೆ ಹೊರಟವರಿಗೆ ಆ ರಕ್ಷಣೆ ಇಲ್ಲ. ಕ್ಯೂರಿಯಾಸಿಟಿ ಹೋಗುವಾಗ ದಾರಿಯಲ್ಲಿ ಅಳೆದ ಲೆಕ್ಕದ ಪ್ರಕಾರ, ಹೋಗಿಬರುವ ಪ್ರಯಾಣಕ್ಕೇ ಸುಮಾರು 660 ಮಿಲಿಸೀವರ್ಟ್. ನಾವು ಭೂಮಿಯ ಮೇಲೆ ವರ್ಷಕ್ಕೆ ಸಹಜವಾಗಿ ಪಡೆಯೋದು ಸರಾಸರಿ 2.4.

ದಪ್ಪ ಲೋಹದ ಗೋಡೆ ಕಟ್ಟಿದರಾಯಿತು ಅಂತ ಎಂಜಿನಿಯರಿಂಗ್ ಓದಿದ ನನಗೂ ಮೊದಲು ಅನ್ನಿಸೋದು ಅದೇ. ಆದರೆ ವೇಗದ ಕಣಗಳು ಲೋಹಕ್ಕೆ ಬಡಿದು ಇನ್ನಷ್ಟು ಕಣಗಳನ್ನು ಒಳಗೆ ಸಿಡಿಸುತ್ತವೆ. ಹೈಡ್ರೋಜನ್ ಹೆಚ್ಚಿರುವ ವಸ್ತುಗಳೇ ವಾಸಿ. ಹಾಗಾಗಿ ಕುಡಿಯುವ ನೀರನ್ನೇ ಗೋಡೆಯೊಳಗೆ ತುಂಬಿ, ಅದರ ಮರೆಯಲ್ಲಿ ಯಾತ್ರಿಗಳನ್ನು ಮಲಗಿಸುವ ಯೋಚನೆಯೂ ನಡೆದಿದೆ.