ಖಾಂದಾನಿನ ಚಟ ತಕ್ದೀರ್ ಅಲ್ಲ

“ಅವರ ಖಾಂದಾನೇ ಹಾಗೆ. ಅಜ್ಜನೂ ಕುಡೀತಿದ್ದ, ಅಪ್ಪನೂ ಕುಡೀತಿದ್ದ.” ವಿಕ್ರೋಳಿಯ ಪಾರ್ಕ್‌ಸೈಟ್ ಇರಲಿ, ಕನ್ನಮ್ವಾರ್ ನಗರ ಇರಲಿ, ಈ ಮಾತು ನೀವು ಕೇಳಿರುತ್ತೀರಿ. 2004ರಲ್ಲಿ ಇದೇ ವಿಕ್ರೋಳಿಯಲ್ಲಿ ಕಳ್ಳಭಟ್ಟಿ ಕುಡಿದು 87 ಜನ ಸತ್ತರು. ಸಾವಿನ ಲೆಕ್ಕ ಪೇಪರಿನಲ್ಲಿ ಬಂತು. ಚಟ ಯಾಕೆ ಬಿಡೋಕಾಗಲ್ಲ ಅನ್ನುವ ಪ್ರಶ್ನೆ ಮಾತ್ರ ಮನೆಯೊಳಗೇ ಉಳಿಯಿತು.

ಖಾಂದಾನಿನ ಮಾತಿನಲ್ಲಿ ಅರ್ಧ ಸತ್ಯವಿದೆ. ಅವಳಿಗಳ ಮತ್ತು ದತ್ತು ಮಕ್ಕಳ ಅಧ್ಯಯನಗಳ ಪ್ರಕಾರ, ಒಬ್ಬರು ಕುಡಿತದ ಚಟಕ್ಕೆ ಬೀಳುತ್ತಾರೆ, ಇನ್ನೊಬ್ಬರು ಬೀಳುವುದಿಲ್ಲ ಎಂಬ ವ್ಯತ್ಯಾಸದಲ್ಲಿ ಸುಮಾರು ಅರ್ಧ ಪಾಲು ಜೀನ್‌ಗಳದ್ದು. ಉಳಿದದ್ದು ಮನೆ, ಸಹವಾಸ, ಕೆಲಸ, ನೋವು ಇವುಗಳದ್ದು. ಆತ್ಮಹತ್ಯೆಯ ಅಪಾಯಕ್ಕೂ ಇಂಥ ವಂಶದ ಎಳೆ ಇದೆ. ಆದರೆ ‘ಕುಡುಕನ ಜೀನ್’ ಎಂಬುದೊಂದಿಲ್ಲ. ನೂರಾರು ಜೀನ್‌ಗಳು, ಒಂದೊಂದರದ್ದೂ ಚಿಕ್ಕ ಪಾಲು.

ಇದರಿಂದ ಔಷಧ ಹೇಗೆ ಸಿಗುತ್ತದೆ? ಒಂದು ಉದಾಹರಣೆ ನೋಡಿ. ಪೂರ್ವ ಏಷ್ಯಾದ ಅನೇಕರಲ್ಲಿ ಎಎಲ್‌ಡಿಎಚ್2 ಎಂಬ ಜೀನ್ ಸ್ವಲ್ಪ ಬೇರೆ ಇದೆ. ಅವರು ಕುಡಿದರೆ ಮುಖ ಕೆಂಪಾಗಿ ವಾಕರಿಕೆ ಬರುತ್ತದೆ, ಹಾಗಾಗಿ ಚಟಕ್ಕೆ ಬೀಳುವವರು ಕಡಿಮೆ. ವೈದ್ಯರು ಕೊಡುವ ಡೈಸಲ್ಫಿರಾಂ ಮಾತ್ರೆ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. (ಇದನ್ನು ಕದ್ದು ಊಟದಲ್ಲಿ ಬೆರೆಸಿ ಕೊಡಬೇಡಿ. ಗೊತ್ತಿಲ್ಲದೆ ಕುಡಿದರೆ ಜೀವಕ್ಕೇ ಅಪಾಯ.) ಈ ಮಾತ್ರೆ ಮೊದಲು ಬಂತು, ಜೀನ್ ಆಮೇಲೆ ತಿಳಿಯಿತು. ಈಗ ವಿಜ್ಞಾನಿಗಳು ಉಲ್ಟಾ ದಾರಿ ಹಿಡಿದಿದ್ದಾರೆ: ಮೊದಲು ಜೀನ್ ಹುಡುಕು, ಅದು ಮೆದುಳಿನ ಯಾವ ಜೀವಕೋಶದಲ್ಲಿ ಕೆಲಸ ಮಾಡುತ್ತದೆ ನೋಡು, ಆಮೇಲೆ ಅಲ್ಲಿಗೆ ತಾಗುವ ಔಷಧ ಹುಡುಕು.

ಬೆಂಗಳೂರಿನ ನಿಮ್ಹಾನ್ಸ್ ಇಂಥ ಕೆಲಸದಲ್ಲಿದೆ. ಒಂದೇ ಕುಟುಂಬದಲ್ಲಿ ಇಬ್ಬರಿಗಾದರೂ ಚಟ ಅಥವಾ ತೀವ್ರ ಮಾನಸಿಕ ಕಾಯಿಲೆ ಇದ್ದರೆ, ಅವರ ಒಪ್ಪಿಗೆ ಪಡೆದು ರಕ್ತ ತೆಗೆದುಕೊಳ್ಳುತ್ತಾರೆ. ಆ ರಕ್ತದ ಕಣಗಳನ್ನು ಆಕರಕೋಶಗಳಾಗಿಸಿ, ಅವುಗಳಿಂದ ಪ್ರಯೋಗಾಲಯದಲ್ಲೇ ನರಕೋಶ ಬೆಳೆಸುತ್ತಾರೆ. ಬದುಕಿರುವವರ ಮೆದುಳನ್ನು ಕತ್ತರಿಸಿ ನೋಡೋಕಾಗಲ್ಲ, ಈ ಕೋಶಗಳನ್ನು ನೋಡಬಹುದು. ಬೈಪೋಲಾರ್ ಕಾಯಿಲೆಯಲ್ಲಿ ಆತ್ಮಹತ್ಯೆಯ ಅಪಾಯ ತಗ್ಗಿಸುವ ಹಳೆಯ ಔಷಧ ಲಿಥಿಯಂ. ಅದು ಕೆಲವರಿಗೆ ಹಿಡಿಸುತ್ತದೆ, ಕೆಲವರಿಗೆ ಇಲ್ಲ. ಯಾಕೆ ಎಂಬುದನ್ನೂ ಹೀಗೆ ಪರೀಕ್ಷಿಸುತ್ತಿದ್ದಾರೆ. ಜಗತ್ತಿನ ಜೀನ್ ಮಾಹಿತಿಯಲ್ಲಿ ಬಹುಪಾಲು ಯುರೋಪ್ ಮೂಲದವರದ್ದು. ನಮ್ಮ ಜನರ ಮಾಹಿತಿ ಸೇರದಿದ್ದರೆ ನಾಳಿನ ಔಷಧ ನಮಗೆ ಸರಿಹೊಂದದೆ ಹೋಗಬಹುದು.

ಇನ್ನು ಆ ಮಾತಿನ ಅಪಾಯದ ಅರ್ಧ. ಯಾರು ಕುಡುಕರಾಗುತ್ತಾರೆ, ಯಾರು ಜೀವ ಕಳೆದುಕೊಳ್ಳುತ್ತಾರೆ ಎಂದು ಹೇಳಬಲ್ಲ ರಕ್ತಪರೀಕ್ಷೆ ಇವತ್ತು ಇಲ್ಲ. ಖಾಂದಾನ್ ನೋಡಿ ರಿಶ್ತಾ ಮುರಿಯುವುದು, ಮಗನನ್ನು ಕೈಬಿಡುವುದು ವಿಜ್ಞಾನವಲ್ಲ. ಮದ್ಯ ಹರಾಂ, ಅದರಲ್ಲಿ ಎರಡು ಮಾತಿಲ್ಲ. ಆದರೆ ಚಟಕ್ಕೆ ಬಿದ್ದವನು ರೋಗಿಯೂ ಹೌದು, ರೋಗಿಗೆ ಇಲಾಜು ಬೇಕು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ಪೊಲೀಸರಿಗೆ ಹೆದರಿ ಮುಚ್ಚಿಡಬೇಡಿ.

ಹೊಸ ಔಷಧ ಬರಲು ವರ್ಷಗಳು ಬೇಕು, ಇರುವ ಚಿಕಿತ್ಸೆ ಇವತ್ತೇ ಸಿಗುತ್ತದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆ, ಉಚಿತ. ಕನ್ನಡ, ಮರಾಠಿ, ಹಿಂದಿಯಲ್ಲಿ ಮಾತಾಡಬಹುದು. ಈ ನಂಬರನ್ನು ನಿಮ್ಮ ಮೊಬೈಲಿನಲ್ಲಿ ಸೇವ್ ಮಾಡಿಕೊಳ್ಳಿ, ಪಕ್ಕದ ಮನೆಗೂ ಕೊಡಿ.